‘ಟಕ್’ ಎಂದು ಸುಮ್ಮನಾಗುವ ಕಾರು

ಬೆಳಗಿನ ಆರೂವರೆ ಗಂಟೆ. ಊರಿಗೆ ಹೊರಟ ಮನೆಮಂದಿಯೆಲ್ಲ ಕಾರಿನಲ್ಲಿ ಕುಳಿತಾಗಿದೆ. ಕೀಲಿ ತಿರುಗಿಸಿದರೆ ಎಂಜಿನ್ ಏಳುವುದಿಲ್ಲ. ಬಾನೆಟ್ಟಿನ ಕೆಳಗಿನಿಂದ ‘ಟಕ್’ ಎಂಬ ಒಂದು ಸದ್ದು ಬರುತ್ತದೆ, ಆಮೇಲೆ ಎಲ್ಲವೂ ನಿಶ್ಶಬ್ದ. ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು ‘ಟಕ್’. ಹಿಂದಿನ ಸೀಟಿನಿಂದ ಯಾರಾದರೊಬ್ಬರು ‘ಬ್ಯಾಟರಿ ಡೌನ್ ಆಗಿದೆ’ ಎಂದು ತೀರ್ಪು ಕೊಟ್ಟೇ ಕೊಡುತ್ತಾರೆ. ಬಹಳ ಸಲ ಆ ತೀರ್ಪು ಸರಿಯಾಗಿಯೇ ಇರುತ್ತದೆ. ತಪ್ಪಾದಾಗ ಅದರ ಬೆಲೆ ಒಂದು ಹೊಸ ಬ್ಯಾಟರಿ, ಅಂದರೆ ಹಲವು ಸಾವಿರ ರೂಪಾಯಿ.

ಹೀಗೆ ಹಣ ಕಳೆದುಕೊಂಡ ಟ್ಯಾಕ್ಸಿ ಚಾಲಕರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರ ವಿಷಯವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಸದ್ದು ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಕಾರಿನ ವಿದ್ಯುನ್ಮಂಡಲದ ಯಾವ ಭಾಗ ಕೆಲಸ ಮಾಡುತ್ತಿದೆ, ಯಾವ ಭಾಗ ಕೈಕೊಟ್ಟಿದೆ ಎಂಬ ಸುಳಿವು ಅದರಲ್ಲೇ ಇದೆ. ಅದನ್ನು ಅರಿಯಲು ಬೇಕಾಗುವುದು ನೀವು ಪ್ರೌಢಶಾಲೆಯಲ್ಲಿ ಓದಿದ ಓಮನ ನಿಯಮವೊಂದೇ.

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ನಿಂತ ನಿಲುವಿನಿಂದ ತಾನಾಗಿಯೇ ತಿರುಗಲಾರದು. ಪಿಸ್ಟನ್ ಗಾಳಿಯನ್ನು ಒಳಗೆಳೆದು ಅದುಮಬೇಕು, ಇಂಧನ ಹೊತ್ತಿಕೊಳ್ಳಬೇಕು. ಆಮೇಲೆಯೇ ಎಂಜಿನ್ನಿಗೆ ಸ್ವಂತ ಬಲ. ಮೊದಲ ಕೆಲವು ಸುತ್ತುಗಳನ್ನು ಬೇರೆ ಯಾರಾದರೂ ತಿರುಗಿಸಿಕೊಡಬೇಕು. ಹಳೆಯ ಅಂಬಾಸಿಡರ್ ಕಾರು, ಜೀಪು, ಲಾರಿಗಳ ಮೂತಿಗೆ ಉದ್ದನೆಯ ಹ್ಯಾಂಡಲ್ ತೂರಿಸಿ ತಿರುಗಿಸುತ್ತಿದ್ದುದನ್ನು ನಿಮ್ಮ ಅಜ್ಜಂದಿರು ಕಂಡಿರುತ್ತಾರೆ. ಇಂಧನ ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಹಿಡಿದವರ ಮಣಿಕಟ್ಟು ಮುರಿಯುವುದೂ ಇತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಕಷ್ಟ ಕ್ರಮೇಣ ತಪ್ಪಿತು. ನಮ್ಮ ಗ್ಯಾರೇಜುಗಳಲ್ಲಿ ಅದಕ್ಕೆ ‘ಸೆಲ್ಫ್’ ಎಂದೇ ಹೆಸರು.

ಈ ಸೆಲ್ಫ್ ಒಂದು ಗಟ್ಟಿಮುಟ್ಟಾದ ಮೋಟಾರು. ಅದರ ತುದಿಯಲ್ಲಿ ಸುಮಾರು ಹತ್ತು ಹಲ್ಲಿನ ಪುಟ್ಟ ಗಿಯರ್ ಇದೆ. ಎಂಜಿನ್ನಿನ ಭಾರವಾದ ಗಾಲಿ, ಅಂದರೆ ಫ್ಲೈವೀಲಿನ ಅಂಚಿನಲ್ಲಿ ನೂರರ ಆಸುಪಾಸಿನಷ್ಟು ಹಲ್ಲುಗಳಿವೆ. ಪುಟ್ಟ ಗಿಯರ್ ಮುಂದೆ ಸರಿದು ಆ ಹಲ್ಲುಗಳಿಗೆ ಕಚ್ಚಿಕೊಂಡು ತಿರುಗಿದರೆ ಎಂಜಿನ್ ತಿರುಗುತ್ತದೆ. ಸಣ್ಣ ಕಾರಿನಲ್ಲಿಯೂ ಈ ಕೆಲಸಕ್ಕೆ ನೂರರಿಂದ ಇನ್ನೂರು ಆಂಪಿಯರ್ ವಿದ್ಯುತ್ಪ್ರವಾಹ ಬೇಕು. ಮನೆಯ ದೊಡ್ಡ ಗೀಸರ್ ಕೂಡ ಎಳೆಯುವುದು ಹತ್ತು ಹನ್ನೆರಡು ಆಂಪಿಯರ್ ಎಂಬುದನ್ನು ನೆನಪಿಸಿಕೊಂಡರೆ ಇದು ಎಷ್ಟು ದೊಡ್ಡ ಪ್ರವಾಹವೆಂದು ತಿಳಿಯುತ್ತದೆ. ಕೀಲಿ ತೂರಿಸುವ ಪುಟ್ಟ ಸ್ವಿಚ್ಚಿನ ಮೂಲಕ ಇದನ್ನು ಹರಿಸಿದರೆ ಸ್ವಿಚ್ಚೇ ಸುಟ್ಟುಹೋಗುತ್ತದೆ.

ಆದ್ದರಿಂದ ನಡುವೆ ಒಬ್ಬ ಮಧ್ಯವರ್ತಿ ಇದ್ದಾನೆ. ಅವನೇ ಸೊಲೆನಾಯ್ಡ್. ತಂತಿಯ ಸುರುಳಿಯೊಂದರ ನಡುವೆ ಜಾರುವ ಕಬ್ಬಿಣದ ದಂಡ. ಇಷ್ಟೇ ಅದರ ರಚನೆ. ಕೀಲಿ ತಿರುಗಿಸಿದಾಗ ಸುರುಳಿಯಲ್ಲಿ ಚಿಕ್ಕ ಪ್ರವಾಹ ಹರಿದು ಅದು ವಿದ್ಯುತ್ಕಾಂತವಾಗುತ್ತದೆ, ದಂಡವನ್ನು ಒಳಕ್ಕೆಳೆಯುತ್ತದೆ. ದಂಡದ ಒಂದು ತುದಿ ಪುಟ್ಟ ಗಿಯರನ್ನು ಮುಂದಕ್ಕೆ ತಳ್ಳುತ್ತದೆ. ಇನ್ನೊಂದು ತುದಿ ತಾಮ್ರದ ಬಿಲ್ಲೆಯೊಂದನ್ನು ಎರಡು ದಪ್ಪ ತುದಿಗಳ ಮೇಲೆ ಒತ್ತಿ ಹಿಡಿದು ದೊಡ್ಡ ಪ್ರವಾಹಕ್ಕೆ ದಾರಿ ತೆರೆಯುತ್ತದೆ. ಆ ಬಡಿತದ ಸದ್ದೇ ‘ಟಕ್’. ಅಂದರೆ, ಕೀಲಿಯಿಂದ ಸೊಲೆನಾಯ್ಡಿನವರೆಗಿನ ಚಿಕ್ಕ ದಾರಿ ಸರಿಯಾಗಿದೆ. ದೊಡ್ಡ ದಾರಿಯಲ್ಲಿ ಮಾತ್ರ ಏನೋ ಅಡ್ಡಿಯಾಗಿದೆ. ಈಚಿನ ಕಾರುಗಳಲ್ಲಿ ಇದಕ್ಕೂ ಮೊದಲು ಫ್ಯೂಸ್ ಪೆಟ್ಟಿಗೆಯೊಳಗಿನ ರಿಲೇ ಮೆಲ್ಲಗೆ ‘ಟಿಕ್’ ಎನ್ನುತ್ತದೆ. ಆ ಮೆಲುದನಿ ಮಾತ್ರ ಕೇಳಿ, ಎಂಜಿನ್ ಪಕ್ಕದ ಗಟ್ಟಿ ಬಡಿತ ಕೇಳದಿದ್ದರೆ ಸೊಲೆನಾಯ್ಡಿಗೇ ಸಾಕಷ್ಟು ವಿದ್ಯುತ್ ತಲುಪಿಲ್ಲ ಎಂದು ತಿಳಿಯಬೇಕು.

ಈಗ ನಿಮಗೊಂದು ಪ್ರಶ್ನೆ. ಟಾರ್ಚಿನ ಒಂದು ಸೆಲ್ 1.5 ವೋಲ್ಟ್. ಎಂಟು ಸೆಲ್ಲುಗಳನ್ನು ಶ್ರೇಣಿಯಲ್ಲಿ ಜೋಡಿಸಿದರೆ 12 ವೋಲ್ಟ್. ಕಾರಿನ ಬ್ಯಾಟರಿಯೂ 12 ವೋಲ್ಟೇ. ಹಾಗಾದರೆ ಎಂಟು ಟಾರ್ಚ್ ಸೆಲ್ಲುಗಳಿಂದ ಕಾರನ್ನು ಏಕೆ ಸ್ಟಾರ್ಟ್ ಮಾಡಬಾರದು?

ಉತ್ತರವಿರುವುದು ಪಠ್ಯಪುಸ್ತಕದಲ್ಲಿ ನಾವು ಬೇಗ ಬೇಗ ದಾಟಿಹೋಗುವ ‘ಆಂತರಿಕ ರೋಧ’ ಎಂಬ ಮಾತಿನಲ್ಲಿ. ಯಾವುದೇ ವಿದ್ಯುತ್ಕೋಶ ತನ್ನೊಳಗೇ ಒಂದಿಷ್ಟು ರೋಧವನ್ನು ಇಟ್ಟುಕೊಂಡಿರುತ್ತದೆ. ಟಾರ್ಚಿನ ಸೆಲ್ಲೊಂದಕ್ಕೆ ಅದು ಕಾಲು ಓಮ್ ಎಂದಿಟ್ಟುಕೊಳ್ಳಿ. ಎಂಟಕ್ಕೆ 2 ಓಮ್ ಆಯಿತು. ಎರಡು ತುದಿಗಳನ್ನು ನೇರವಾಗಿ ಸೇರಿಸಿದರೂ ಹರಿಯುವ ಪ್ರವಾಹ 12 ಭಾಗಿಸು 2, ಅಂದರೆ 6 ಆಂಪಿಯರ್. (ಇದು ಲೆಕ್ಕಕ್ಕೆ ಮಾತ್ರ, ಸೇರಿಸಿ ನೋಡಲು ಹೋಗಬೇಡಿ.) ನೂರು ಆಂಪಿಯರ್ ಕೇಳುವ ಮೋಟಾರಿಗೆ ಇದು ಯಾವ ಮೂಲೆಗೆ? ಕಾರಿನ ಬ್ಯಾಟರಿಯ ಆಂತರಿಕ ರೋಧವಾದರೋ ಒಂದು ಓಮಿನ ನೂರನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಫ್ರಾನ್ಸಿನ ಗಾಸ್ಟೋ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಕೋಶ ಇಷ್ಟು ಹಳೆಯದಾದರೂ, ಇಷ್ಟು ಭಾರವಾದರೂ ಕಾರಿನಲ್ಲಿ ಉಳಿದುಬಂದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಅಗಲವಾದ ಫಲಕಗಳು ಒಂದಕ್ಕೊಂದು ತೀರ ಹತ್ತಿರದಲ್ಲಿ ಆಮ್ಲದಲ್ಲಿ ಮುಳುಗಿರುವುದರಿಂದ ಪ್ರವಾಹಕ್ಕೆ ರಾಜಮಾರ್ಗವೇ ಸಿಗುತ್ತದೆ. ಇಂಥ ಆರು ಕೋಶಗಳು, ಪ್ರತಿಯೊಂದೂ ಸುಮಾರು 2.1 ವೋಲ್ಟ್, ಒಟ್ಟು 12.6.

ಬ್ಯಾಟರಿ ಬರಿದಾಗುತ್ತ ಹೋದಂತೆ ಈ ರಾಜಮಾರ್ಗ ಕಿರಿದಾಗುತ್ತದೆ. ಸೀಸದ ಫಲಕ, ಸೀಸದ ಡಯಾಕ್ಸೈಡಿನ ಫಲಕ ಎರಡೂ ಸೀಸದ ಸಲ್ಫೇಟಿಗೆ ತಿರುಗುತ್ತವೆ. ಗಂಧಕಾಮ್ಲ ತೆಳುವಾಗಿ ನೀರಿನ ಅಂಶ ಹೆಚ್ಚುತ್ತದೆ. ಬಹಳ ದಿನ ಬರಿದಾಗಿಯೇ ಬಿಟ್ಟರೆ ಸಲ್ಫೇಟ್ ಗಡುಸಾದ ಹರಳುಗಟ್ಟಿ, ಮತ್ತೆ ಚಾರ್ಜ್ ಮಾಡಿದರೂ ಕರಗುವುದಿಲ್ಲ. ಇಂಥ ಮುದಿ ಬ್ಯಾಟರಿ ಸುಮ್ಮನಿದ್ದಾಗ ಮೀಟರಿನಲ್ಲಿ ಹನ್ನೆರಡರ ಮೇಲೆಯೇ ತೋರಿಸಬಹುದು. ಮಲಗಿರುವ ಪೈಲ್ವಾನನನ್ನು ನೋಡಿ ಅವನು ಎಷ್ಟು ಭಾರ ಎತ್ತುತ್ತಾನೆಂದು ಹೇಳಲು ಬರುತ್ತದೆಯೇ? ಕೆಲಸ ಕೊಟ್ಟಾಗಲೇ ಬಣ್ಣ ಬಯಲಾಗುವುದು.

ಕಿರುತೆರೆಯ ಮೇಲಾದರೆ ಮುಂದೆ ಹೇಳುವ ಸದ್ದುಗಳನ್ನು ಕೇಳಿಸಿಬಿಡಬಹುದು. ಇಲ್ಲಿ ಆ ಅನುಕೂಲವಿಲ್ಲ, ಅಕ್ಷರದಲ್ಲೇ ಬರೆಯುತ್ತೇನೆ.

ಮೊದಲನೆಯದು ‘ಟಕಟಕಟಕಟಕ’ ಎಂಬ ಬಿಡುವಿಲ್ಲದ ಸದ್ದು. ಇದು ಹೇಗೆ ಹುಟ್ಟುತ್ತದೆಂಬುದು ಬಹಳ ಸೊಗಸಾದ ವಿಷಯ. ಸೊಲೆನಾಯ್ಡ್ ದಂಡವನ್ನೆಳೆದು ದಾರಿ ತೆರೆಯುತ್ತದೆ. ಮೋಟಾರು ನೂರಾರು ಆಂಪಿಯರ್ ಕೇಳುತ್ತದೆ. ಸೋತ ಬ್ಯಾಟರಿ ಅಷ್ಟು ಕೊಡಲಾರದೆ ಅದರ ವೋಲ್ಟೇಜ್ ಒಮ್ಮೆಗೇ ಕುಸಿಯುತ್ತದೆ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಸುರುಳಿಗೆ ದಂಡವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಸ್ಪ್ರಿಂಗ್ ದಂಡವನ್ನು ಹಿಂದಕ್ಕೆ ಎಸೆಯುತ್ತದೆ. ದಾರಿ ಮುಚ್ಚಿತು, ಮೋಟಾರಿನ ಕಾಟ ತಪ್ಪಿತು, ಬ್ಯಾಟರಿ ಮತ್ತೆ ಚೇತರಿಸಿಕೊಂಡಿತು. ಕೀಲಿ ಇನ್ನೂ ತಿರುಗಿಯೇ ಇದೆಯಲ್ಲ, ಸುರುಳಿ ಮತ್ತೆ ದಂಡವನ್ನೆಳೆಯುತ್ತದೆ. ಸೆಕೆಂಡಿಗೆ ಹಲವಾರು ಸಲ ಇದೇ ಆಟ. ನಿಮ್ಮ ಪಠ್ಯದಲ್ಲಿರುವ ವಿದ್ಯುತ್ ಗಂಟೆಯ ಚಿತ್ರವನ್ನು ನೆನಪಿಸಿಕೊಳ್ಳಿ. ತನ್ನ ಮಂಡಲವನ್ನು ತಾನೇ ಕಡಿದು ತಾನೇ ಕೂಡಿಸಿಕೊಳ್ಳುವ ಅದೇ ತತ್ತ್ವ ಇಲ್ಲಿಯೂ ನಡೆಯುತ್ತಿದೆ. ಈ ಸದ್ದು ಕೇಳಿದರೆ ಸೊಲೆನಾಯ್ಡ್ ಮತ್ತು ಮೋಟಾರುಗಳ ಮೇಲೆ ಅನುಮಾನ ಬೇಡ. ಬ್ಯಾಟರಿ ಬರಿದಾಗಿದೆ, ಇಲ್ಲವೆ ಅದರ ತುದಿಗಳಲ್ಲಿ ಜೋಡಣೆ ಕೆಟ್ಟಿದೆ.

ಎರಡನೆಯದು ಒಂದೇ ಒಂದು ‘ಟಕ್’. ಇದು ತುಸು ಕಗ್ಗಂಟು. ಬಿಡಿಸಲು ಸುಲಭವಾದ ಉಪಾಯವೊಂದಿದೆ. ಹೆಡ್‌ಲೈಟ್ ಹಚ್ಚಿ, ಒಬ್ಬರು ಎದುರಿನ ಗೋಡೆಯ ಮೇಲೆ ಬೀಳುವ ಬೆಳಕನ್ನು ನೋಡುತ್ತಿರಲಿ. ಇನ್ನೊಬ್ಬರು ಗಿಯರ್ ನ್ಯೂಟ್ರಲ್‌ನಲ್ಲಿದೆಯೆಂದು ಖಚಿತಪಡಿಸಿಕೊಂಡು ಕೀಲಿ ತಿರುಗಿಸಲಿ.

ಬೆಳಕು ತೀರ ಮಂಕಾದರೆ, ದೊಡ್ಡ ಪ್ರವಾಹಕ್ಕೆ ಬೇಡಿಕೆ ಬಂದಿದೆ ಎಂದಾಯಿತು. ಸಾಮಾನ್ಯವಾಗಿ ದೋಷ ಬ್ಯಾಟರಿಯದೇ. ಬ್ಯಾಟರಿ ಚೆನ್ನಾಗಿದ್ದೂ ಹೀಗಾದರೆ ಮೋಟಾರು ತಿರುಗಲಾಗದೆ ಸಿಕ್ಕಿಹಾಕಿಕೊಂಡಿರಬೇಕು. ಪುಟ್ಟ ಗಿಯರ್ ಫ್ಲೈವೀಲಿನ ಹಲ್ಲಿನಲ್ಲಿ ಕಚ್ಚಿಕೊಂಡಿರಬಹುದು. ಕೀಲಿ ತೆಗೆದು, ಮೇಲಿನ ಗಿಯರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಅಲುಗಾಡಿಸಿದರೆ ಒಮ್ಮೊಮ್ಮೆ ಬಿಟ್ಟುಕೊಳ್ಳುತ್ತದೆ. ಇಲ್ಲೊಂದು ಎಚ್ಚರಿಕೆ. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸಿನಲ್ಲಿ ಎಂಜಿನ್ ನಿಂತು, ಆಮೇಲೆ ‘ಟಕ್’ ಎಂದರೆ ಮತ್ತೆ ಮತ್ತೆ ಪ್ರಯತ್ನಿಸಲೇಬಾರದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಅದನ್ನು ಗಾಳಿಯಂತೆ ಅದುಮಲು ಬರುವುದಿಲ್ಲ. ಬಲವಂತ ಮಾಡಿದರೆ ಪಿಸ್ಟನ್ನಿಗೆ ಸೇರಿದ ಉಕ್ಕಿನ ಕೋಲೇ ಬಾಗಿಹೋಗುತ್ತದೆ. ಆಗಿನ ಖರ್ಚಿನ ಮುಂದೆ ಬ್ಯಾಟರಿಯ ಬೆಲೆ ಏನೂ ಅಲ್ಲ.

ಬೆಳಕು ಒಂದಿಷ್ಟೂ ಕುಗ್ಗದೆ ಬೆಳ್ಳಗೇ ಉಳಿದರೆ ದೊಡ್ಡ ಪ್ರವಾಹ ಹರಿಯುತ್ತಲೇ ಇಲ್ಲ, ಅಥವಾ ಬಹಳ ಕಡಿಮೆ ಹರಿಯುತ್ತಿದೆ. ಸೊಲೆನಾಯ್ಡಿನ ತಾಮ್ರದ ಬಿಲ್ಲೆ ಸುಟ್ಟು ಕರಿಗಟ್ಟಿರಬಹುದು. ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು. ಇಂಥ ಹೊತ್ತಿನಲ್ಲಿ ಮೆಕ್ಯಾನಿಕ್‌ಗಳು ಮರದ ತುಂಡಿನಿಂದ ಸೆಲ್ಫ್ ಮೇಲೆ ಮೆಲ್ಲಗೆ ತಟ್ಟುವುದನ್ನು ನೀವು ನೋಡಿರಬಹುದು. ಅದು ಮೂಢನಂಬಿಕೆಯೇನಲ್ಲ, ತಟ್ಟಿದಾಗ ಸವೆದ ಬ್ರಷ್ ಜರುಗಿ ತಾತ್ಕಾಲಿಕವಾಗಿ ಸಂಪರ್ಕ ಸಿಗುತ್ತದೆ. ಹಾಗೆ ಸ್ಟಾರ್ಟ್ ಆದರೆ ಎಂಜಿನ್ ನಿಲ್ಲಿಸದೆ ನೇರವಾಗಿ ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದು ಲೇಸು.

ನಮ್ಮ ಬೀದಿಯ ಟ್ಯಾಕ್ಸಿ ಚಾಲಕರಿಗೆ ಬಂದದ್ದು ಇದೇ ಬಗೆಯ ತೊಂದರೆ. ಎರಡು ದಿನ ಸರಿಯಾಗಿದ್ದು ಮೂರನೆಯ ದಿನ ‘ಟಕ್’. ಗ್ಯಾರೇಜಿನವರು ಬ್ಯಾಟರಿ ಬದಲಿಸಿ ಎಂದರು. ಸಾಲ ಮಾಡಿ ಬದಲಿಸಿದರು. ಒಂದು ವಾರ ಕಾರು ಚೆನ್ನಾಗಿ ಓಡಿತು. ಎಂಟನೆಯ ದಿನ ನಸುಕಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಬೇಕಾದ ಪ್ರಯಾಣಿಕರು ಕುಳಿತಿರುವಾಗಲೇ ಮತ್ತೆ ‘ಟಕ್’. ಬಾಡಿಗೆ ತಪ್ಪಿತು, ಪ್ರಯಾಣಿಕರ ಬೈಗುಳವೂ ಸಿಕ್ಕಿತು. ಹೆಡ್‌ಲೈಟ್ ಮಾತ್ರ ಪ್ರಖರವಾಗಿ ಉರಿಯುತ್ತಿತ್ತು. ಕೊನೆಗೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಮುಟ್ಟಿಸಿ, ‘ಈಗ ಸೆಲ್ಫ್ ಹೊಡಿಯಪ್ಪ’ ಎಂದರು. ಮೀಟರು ಐದು ವೋಲ್ಟಿಗೂ ಹೆಚ್ಚು ತೋರಿಸಿತು. ಅಲ್ಲಿ ಸೊನ್ನೆಯ ಹತ್ತಿರವೇ ಇರಬೇಕಾಗಿತ್ತು.

ಕಾರಿನಲ್ಲಿ ಬ್ಯಾಟರಿಯಿಂದ ಹೊರಟ ಪ್ರವಾಹ ಹಿಂದಿರುಗಲು ಬೇರೆ ತಂತಿ ಇರುವುದಿಲ್ಲ. ಕಾರಿನ ಮೈ, ಎಂಜಿನ್ನಿನ ಮೈ ಇವೇ ಹಿಂದಿರುಗುವ ದಾರಿ. ಎಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಅದನ್ನು ಕಾರಿನ ಮೈಗೆ ಸೇರಿಸಲು ಹೆಣೆದ ತಾಮ್ರದ ಪಟ್ಟಿಯೊಂದನ್ನು ಹಾಕಿರುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ‘ಅರ್ಥಿಂಗ್’. ಆ ಪಟ್ಟಿಯ ತುದಿ ಒಳಗೊಳಗೇ ತುಕ್ಕು ತಿಂದು ಕೆಲವೇ ಎಳೆಗಳಲ್ಲಿ ನೇತಾಡುತ್ತಿತ್ತು. ಹೊಸ ಬ್ಯಾಟರಿ ತನ್ನ ಕಸುವಿನಿಂದ ಒಂದು ವಾರ ಅದರ ಮೂಲಕವೇ ದೂಡಿಕೊಂಡು ಹೋಗಿತ್ತು, ಅಷ್ಟೆ. ಹೆಡ್‌ಲೈಟಿನ ಪ್ರವಾಹ ಎಂಜಿನ್ನಿನ ಮೂಲಕ ಹಿಂದಿರುಗುವುದಿಲ್ಲವಾದ್ದರಿಂದ ಅದಕ್ಕೆ ಈ ದೋಷದ ಬಿಸಿ ತಟ್ಟಲೇ ಇಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ತಿರುಗಲು ಆರಂಭಿಸುವ ಮುನ್ನ ಮೋಟಾರಿನ ರೋಧ 0.04 ಓಮ್, ಬ್ಯಾಟರಿ ಮತ್ತು ಒಳ್ಳೆಯ ತಂತಿಗಳದು ಸೇರಿ 0.01 ಓಮ್ ಎಂದಿಟ್ಟುಕೊಳ್ಳಿ. 12.6ನ್ನು 0.05ರಿಂದ ಭಾಗಿಸಿದರೆ ಆ ಕ್ಷಣದ ಪ್ರವಾಹ 252 ಆಂಪಿಯರ್. ಈಗ ಒಂದು ಕೆಟ್ಟ ಜೋಡಣೆಯಿಂದ ಇನ್ನೊಂದು 0.05 ಓಮ್ ಸೇರಲಿ. ಒಟ್ಟು 0.10 ಆಯಿತು, ಪ್ರವಾಹ 126ಕ್ಕೆ ಇಳಿಯಿತು. ಸಾಮರ್ಥ್ಯ ಪ್ರವಾಹದ ವರ್ಗವನ್ನು ಅವಲಂಬಿಸಿರುವುದರಿಂದ ಮೋಟಾರಿಗೆ ಸಿಗುವುದು ಅರ್ಧವಲ್ಲ, ಕಾಲು ಭಾಗ: ಸುಮಾರು 2540 ವ್ಯಾಟ್ ಇದ್ದದ್ದು 635. ಕೆಟ್ಟ ಜೋಡಣೆಯೊಂದೇ 6.3 ವೋಲ್ಟನ್ನು ನುಂಗಿಹಾಕಿತು. ಇದೇ 0.05 ಓಮ್ ಹತ್ತು ಆಂಪಿಯರ್ ಎಳೆಯುವ ಹೆಡ್‌ಲೈಟಿನ ದಾರಿಯಲ್ಲಿದ್ದರೆ ನಷ್ಟವಾಗುವುದು ಅರ್ಧ ವೋಲ್ಟ್ ಮಾತ್ರ. ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅರ್ಥಿಂಗ್ ಪಟ್ಟಿಗೆ ಟ್ಯಾಕ್ಸಿಯವರು ತೆತ್ತದ್ದು ಕೆಲವು ನೂರು ರೂಪಾಯಿ. ಬ್ಯಾಟರಿಯ ಸಾಲದ ಕಂತುಗಳು ಆಮೇಲೂ ನಡೆಯುತ್ತಲೇ ಇದ್ದವು.

ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿರುವಂಥ ಸಾಮಾನ್ಯ ಮಲ್ಟಿಮೀಟರ್ ಇಷ್ಟು ಪರೀಕ್ಷೆಗೆ ಸಾಕು. ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿ 12.6 ತೋರಿಸಿದರೆ ಪೂರ್ತಿ ತುಂಬಿದೆ, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಬರಿದು. ಸೆಲ್ಫ್ ಹೊಡೆಯುವಾಗ ಹತ್ತರ ಆಸುಪಾಸಿಗೆ ಇಳಿಯುವುದು ಸಹಜ. ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇರಬೇಕು. ಅಷ್ಟು ಏರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಕೆಟ್ಟಿರಬಹುದು. ಆಗ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಬರಿದಾಗುತ್ತಲೇ ಇರುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಈ ವೋಲ್ಟೇಜನ್ನು ಏರಿಸಿ ಇಳಿಸುತ್ತದೆ. ಒಮ್ಮೆ ನೋಡಿ ತೀರ್ಮಾನಕ್ಕೆ ಬರಬಾರದು.

ಮೀಟರಿಲ್ಲದಿದ್ದರೆ ಮೊದಲು ಕಣ್ಣನ್ನೇ ಬಳಸಿ. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಅಥವಾ ನೀಲಿ ಹಸಿರಿನ ಪುಡಿ ಬೆಳೆದಿದೆಯೇ? ಬಿಳಿಯದು ಹೆಚ್ಚಾಗಿ ಸೀಸದ ಸಲ್ಫೇಟ್. ನೀಲಿಯದು ತಾಮ್ರ ಆಮ್ಲದ ಆವಿಗೆ ಸಿಕ್ಕಿ ಆದ ಸಲ್ಫೇಟ್, ಅಂದರೆ ನಿಮ್ಮ ಪ್ರಯೋಗಾಲಯದ ಮೈಲುತುತ್ತ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಚ್ಚಿದರೆ ನೊರೆಯೆದ್ದು ಆಮ್ಲ ತಟಸ್ಥವಾಗುತ್ತದೆ. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು. ಆಮೇಲೆ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಸೇರಿಸಿ, ಮೇಲೆ ವ್ಯಾಸಲೀನ್ ಸವರಿದರಾಯಿತು. ತಂತಿ ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಸೇರಿಸುವಾಗ ಕೊನೆಯಲ್ಲಿ ಸೇರಿಸಿ. ಏಕೆಂದರೆ ಕಾರಿನ ಮೈಯೆಲ್ಲ ಋಣ ತುದಿಗೇ ಸೇರಿದೆ. ಧನ ತುದಿಯ ಮೇಲಿರುವ ಸ್ಪ್ಯಾನರ್ ಪಕ್ಕದ ತಗಡಿಗೆ ತಗುಲಿದರೆ ನೂರಾರು ಆಂಪಿಯರ್ ಅದರಲ್ಲೇ ಹರಿದು ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಕೈಯ ಉಂಗುರ, ಲೋಹದ ಗಡಿಯಾರಗಳನ್ನು ತೆಗೆದಿಡಿ. ಇದನ್ನು ಹಿರಿಯರು ಜೊತೆಯಲ್ಲಿದ್ದಾಗಲೇ ಮಾಡಿ.

ಇನ್ನೊಂದು ಕಾರಿನ ಬ್ಯಾಟರಿಯಿಂದ ವಿದ್ಯುತ್ ಎರವಲು ಪಡೆಯುವಾಗಲೂ ಕ್ರಮವಿದೆ. ಕೆಂಪು ತಂತಿಯನ್ನು ಸೋತ ಬ್ಯಾಟರಿಯ ಧನ ತುದಿಗೆ, ಅದರ ಇನ್ನೊಂದು ಕೊನೆಯನ್ನು ಒಳ್ಳೆಯದರ ಧನ ತುದಿಗೆ ಹಾಕಿ. ಕಪ್ಪು ತಂತಿಯ ಒಂದು ಕೊನೆ ಒಳ್ಳೆಯದರ ಋಣ ತುದಿಗೆ; ಉಳಿದ ಕೊನೆಯನ್ನು ಸೋತ ಬ್ಯಾಟರಿಗೆ ಹಾಕದೆ ಅದೇ ಕಾರಿನ ಎಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಾಕಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಇವೆರಡೂ ಹತ್ತಿರ ಬಂದರೆ ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆರಚಬಹುದು. ಬೆಂಕಿಕಡ್ಡಿ ಗೀರಿ ಬ್ಯಾಟರಿಯೊಳಗೆ ಇಣುಕುವವರನ್ನು ನಾನು ಕಂಡಿದ್ದೇನೆ. ಅವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು.

ನೂಕಿ ಸ್ಟಾರ್ಟ್ ಮಾಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ. ಎರಡನೆಯ ಗಿಯರಿನಲ್ಲಿ ಕ್ಲಚ್ ಬಿಟ್ಟಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಿ ಸೆಲ್ಫ್ ಮಾಡಬೇಕಾದ ಕೆಲಸವನ್ನು ಮಾಡುತ್ತವೆ. ಕೀಲಿ ಆನ್ ಆಗಿರಬೇಕು, ಇಲ್ಲದಿದ್ದರೆ ಸ್ಟಿಯರಿಂಗ್ ಬೀಗ ಬಿದ್ದೀತು. ಎಂಜಿನ್ ಏಳುವವರೆಗೂ ಬ್ರೇಕ್ ಗಟ್ಟಿಯಾಗಿರುತ್ತದೆ, ಆದ್ದರಿಂದ ಇಳಿಜಾರಿನಲ್ಲಿ ಈ ಸಾಹಸ ಬೇಡ. ಆಟೊಮ್ಯಾಟಿಕ್ ಗಿಯರಿನ ಕಾರುಗಳಿಗೆ ಈ ಉಪಾಯ ನಡೆಯದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಈಗಿನ ಕಾರುಗಳಲ್ಲಿ ಇಂಧನದ ಪಂಪು, ಕಂಪ್ಯೂಟರುಗಳಿಗೂ ವಿದ್ಯುತ್ ಇಲ್ಲದೆ ಎಷ್ಟು ನೂಕಿದರೂ ಬೆವರು ಬರುವುದಷ್ಟೆ.

ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಈ ‘ಟಕ್’ ಹೆಚ್ಚು ಕೇಳುತ್ತದೆ, ಏಕೆಂದರೆ ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನ, ಎಂಜಿನ್ ಆಯಿಲ್ ಮಂದ. ಆದರೆ ಬ್ಯಾಟರಿಯ ಆಯುಷ್ಯವನ್ನು ತಿನ್ನುವುದು ರಾಯಚೂರು, ಕಲಬುರಗಿಯ ಬೇಸಿಗೆ. ಬಿಸಿಯಲ್ಲಿ ಫಲಕಗಳ ಕೊರೆತ ಹೆಚ್ಚುತ್ತದೆ, ನೀರು ಬೇಗ ಆರುತ್ತದೆ. ಬೇಸಿಗೆಯಲ್ಲಿ ಆದ ಗಾಯ ಚಳಿಗಾಲದ ಬೆಳಿಗ್ಗೆ ಹೊರಬೀಳುತ್ತದೆ. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ಆಗಾಗ ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಬೇಕು. ನಲ್ಲಿಯ ನೀರಿನ ಲವಣಗಳು ಫಲಕಗಳಿಗೆ ಶತ್ರು.

ಈಗ ರಸ್ತೆಯಲ್ಲಿ ಓಡಾಡುವ ವಿದ್ಯುತ್ ಕಾರುಗಳಲ್ಲಿ ಸೆಲ್ಫ್ ಇಲ್ಲ, ಫ್ಲೈವೀಲ್ ಇಲ್ಲ. ಆದರೂ ಬಹುಪಾಲು ಕಾರುಗಳಲ್ಲಿ ಸಣ್ಣದೊಂದು 12 ವೋಲ್ಟಿನ ಬ್ಯಾಟರಿ ಇದೆ. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿಯನ್ನು ಮಂಡಲಕ್ಕೆ ಸೇರಿಸುವ ದಪ್ಪ ಸ್ವಿಚ್ಚುಗಳನ್ನು ಎಳೆಯುವುದು ಅದೇ. ಕೀಲಿಯ ಚಿಕ್ಕ ಪ್ರವಾಹ ಸೊಲೆನಾಯ್ಡನ್ನು ಎಳೆಯುತ್ತಿತ್ತಲ್ಲ, ಹಾಗೆಯೇ. ಈ ಸಣ್ಣ ಬ್ಯಾಟರಿ ಸೋತರೆ ದೊಡ್ಡದು ತುಂಬಿ ತುಳುಕುತ್ತಿದ್ದರೂ ಕಾರು ನಿಂತಲ್ಲಿಂದ ಕದಲುವುದಿಲ್ಲ.